ಮಳೆಹನಿ, ಮೀಟರ್ ಬ್ರಿಜ್ ಮತ್ತು ಕಂಪ್ಯೂಟರ್

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಆ ದಿನಗಳಲ್ಲಿ ಫರಂಗಿಪೇಟೆಯ ಪಕ್ಕದಲ್ಲಿ ನೇತ್ರಾವತಿ ಕೆಂಪು ನೀರು ತುಂಬಿಕೊಂಡು ಹರಿಯುತ್ತಿರುತ್ತದೆ. ಹೆದ್ದಾರಿಯ ಬದಿಯ ಅಂಗಡಿಗಳ ತಗಡಿನ ಮಾಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುವುದಿಲ್ಲ. ಈ ಮಳೆಯ ಒಂದು ದೊಡ್ಡ ಹನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಅಡ್ಡಳತೆ 5 ಮಿಲಿಮೀಟರ್, ಅದು ಹೊರಟ ಮೋಡ ನೆಲದಿಂದ 2 ಕಿಲೋಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ನೆಲ ಮುಟ್ಟುವಾಗ ಅದರ ವೇಗ ಎಷ್ಟು?

ಹೈಸ್ಕೂಲಿನಲ್ಲಿ ಕಲಿತ ಚಲನೆಯ ಸಮೀಕರಣವನ್ನು ಹಾಕಿದರೆ ಸೆಕೆಂಡಿಗೆ 198 ಮೀಟರ್ ಎಂಬ ಉತ್ತರ ಬರುತ್ತದೆ. ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. ಆ ವೇಗದಲ್ಲಿ ಹನಿ ಬೀಳುವುದಾಗಿದ್ದರೆ ಯಾವ ಕೊಡೆಯೂ ಉಳಿಯುತ್ತಿರಲಿಲ್ಲ, ತೋಟದಲ್ಲಿ ತೂತಾಗದ ಒಂದು ಬಾಳೆಎಲೆಯೂ ಸಿಗುತ್ತಿರಲಿಲ್ಲ. ನಿಜವಾದ ಹನಿ ನೆಲಕ್ಕೆ ಬರುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ವ್ಯತ್ಯಾಸಕ್ಕೆಲ್ಲ ಕಾರಣ, ‘ಗಾಳಿಯ ಪ್ರತಿರೋಧವನ್ನು ಕಡೆಗಣಿಸಿ’ ಎಂದು ಪಠ್ಯಪುಸ್ತಕ ಹೇಳಿದ ಒಂದು ಮಾತು.

ಕಡೆಗಣಿಸದೆ ಕಲಿಸುವುದು ಹೇಗೆ? 2 ಕಿಲೋಮೀಟರ್ ಎತ್ತರದ ಪ್ರಯೋಗಶಾಲೆ ಯಾವ ಕಾಲೇಜಿನಲ್ಲೂ ಇಲ್ಲ. ಸಮೀಕರಣವನ್ನು ನೇರವಾಗಿ ಬಿಡಿಸಬೇಕೆಂದರೆ ಹೈಸ್ಕೂಲಿನ ಮಕ್ಕಳಿಗೆ ಇನ್ನೂ ಬಾರದ ಗಣಿತ ಬೇಕು. ಉಳಿದಿರುವುದು ಮೂರನೆಯ ದಾರಿ: ಪ್ರಕೃತಿಯ ನಿಯಮವನ್ನು ಕಂಪ್ಯೂಟರಿಗೆ ಕೊಟ್ಟು, ಹನಿಯನ್ನು ಪರದೆಯ ಮೇಲೆ ಬೀಳಿಸುವುದು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಭೌತಶಾಸ್ತ್ರದ ತರಗತಿಗೆ ಕಳೆದ ಎರಡು ದಶಕಗಳಲ್ಲಿ ಬಂದ ಸಾಧನಗಳಲ್ಲಿ ಇದು ಬಹಳ ದೊಡ್ಡದು. ಅದು ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದು ಕಲಿಸುವವರಿಗೂ ಕಲಿಯುವವರಿಗೂ ಗೊತ್ತಿರಬೇಕು.

ಹನಿಯನ್ನು ಬೀಳಿಸುವ ಲೆಕ್ಕ

ಕಂಪ್ಯೂಟರಿನ ಒಳಗೆ ನಡೆಯುವುದನ್ನು ಕಾಗದ, ಪೆನ್ಸಿಲಿನಲ್ಲೇ ಮಾಡಿ ನೋಡಬಹುದು. ಒಂದು ಸೆಕೆಂಡನ್ನು ಹತ್ತು ತುಂಡು ಮಾಡಿ. ಪ್ರತಿ ತುಂಡಿನಲ್ಲೂ ಕೇಳಬೇಕಾದದ್ದು ಒಂದೇ ಪ್ರಶ್ನೆ: ಈಗ ವೇಗ ಎಷ್ಟು ಹೆಚ್ಚುತ್ತಿದೆ? ಭೂಮಿಯ ಎಳೆತ ಸೆಕೆಂಡಿಗೆ 9.8ರಂತೆ ವೇಗವನ್ನು ಹೆಚ್ಚಿಸುತ್ತದೆ. ಗಾಳಿ ಅದರಲ್ಲಿ ಒಂದಿಷ್ಟನ್ನು ಕಳೆಯುತ್ತದೆ. ಕಳೆಯುವ ಪ್ರಮಾಣ ವೇಗದ ವರ್ಗಕ್ಕೆ ಅನುಗುಣ. ನಮ್ಮ ಹನಿಯ ಮಟ್ಟಿಗೆ ವೇಗದ ವರ್ಗವನ್ನು 0.121ರಿಂದ ಗುಣಿಸಿದರೆ ಸಾಕು.

ಶುರುವಿನಲ್ಲಿ ವೇಗ ಸೊನ್ನೆ, ಗಾಳಿಯ ತಡೆಯೂ ಸೊನ್ನೆ. ಹಾಗಾಗಿ ಮೊದಲ 0.1 ಸೆಕೆಂಡಿನ ಕೊನೆಗೆ ವೇಗ 0.98. ಈಗ ಗಾಳಿ 0.12ರಷ್ಟನ್ನು ಕಳೆಯುತ್ತದೆ, ಉಳಿಯುವುದು 9.68; ಅದರ ಹತ್ತರಲ್ಲೊಂದು ಪಾಲು ಸೇರಿ ಎರಡನೆಯ ತುಂಡಿನ ಕೊನೆಗೆ ವೇಗ 1.95. ಮೂರನೆಯದರಲ್ಲಿ ತಡೆ 0.46ಕ್ಕೆ ಏರುತ್ತದೆ, ವೇಗ 2.88 ಆಗುತ್ತದೆ. ಹೀಗೇ ಮುಂದುವರಿಸಿದರೆ ಒಂದು ಸೆಕೆಂಡಿಗೆ ವೇಗ 7ನ್ನು ದಾಟಿರುತ್ತದೆ. ಎರಡು ಸೆಕೆಂಡಿಗೆ 9ರ ಹತ್ತಿರ ಬರುತ್ತದೆ. ಮೂರು ಸೆಕೆಂಡಿನ ಹೊತ್ತಿಗೆ ಎಳೆತವೂ ತಡೆಯೂ ಹೆಚ್ಚುಕಡಿಮೆ ಸರಿಸಮವಾಗಿ, ವೇಗ ಅಲ್ಲೇ ನಿಲ್ಲುತ್ತದೆ. ಹನಿ ಅಷ್ಟರಲ್ಲಿ ಇಳಿದದ್ದು ಇಪ್ಪತ್ತು ಮೀಟರ್ ಚಿಲ್ಲರೆ ಮಾತ್ರ. ಮೋಡ 2 ಕಿಲೋಮೀಟರ್ ಮೇಲಿದ್ದರೂ 5 ಕಿಲೋಮೀಟರ್ ಮೇಲಿದ್ದರೂ ನೆಲ ಮುಟ್ಟುವ ವೇಗ ಬದಲಾಗದೆ ಇರುವುದು ಏಕೆಂದು ಎಂಟನೆಯ ತರಗತಿಯ ಮಗುವಿಗೂ ಈ ಪಟ್ಟಿಯಿಂದಲೇ ತಿಳಿಯುತ್ತದೆ.

ಈ ಲೆಕ್ಕದಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು, ತುಂಡಿನ ಗಾತ್ರ. ಗಾಳಿಯೇ ಇಲ್ಲವೆಂದುಕೊಂಡು ಒಂದು ಕಲ್ಲನ್ನು ಇದೇ ರೀತಿ ಬೀಳಿಸೋಣ. ಒಂದು ಸೆಕೆಂಡಿನಲ್ಲಿ ಅದು 4.9 ಮೀಟರ್ ಇಳಿಯಬೇಕು. ಪ್ರತಿ ತುಂಡಿನ ಆರಂಭದ ವೇಗವನ್ನೇ ಇಡೀ ತುಂಡಿಗೆ ಹಿಡಿದು 0.1 ಸೆಕೆಂಡಿನ ಹೆಜ್ಜೆ ಇಟ್ಟರೆ 4.41 ಮೀಟರ್ ಬರುತ್ತದೆ. ಹೆಜ್ಜೆಯನ್ನು 0.01 ಸೆಕೆಂಡಿಗೆ ಇಳಿಸಿದರೆ 4.851, 0.001ಕ್ಕೆ ಇಳಿಸಿದರೆ 4.895. ಹೆಜ್ಜೆ ಕಿರಿದಾದಷ್ಟೂ ಉತ್ತರ ಸತ್ಯಕ್ಕೆ ಹತ್ತಿರವಾಗುತ್ತದೆ, ಲೆಕ್ಕದ ಕೆಲಸವೂ ಹೆಚ್ಚುತ್ತದೆ. ಕಂಪ್ಯೂಟರ್ ಬೇಕಾಗುವುದು ಇಲ್ಲಿ. ಅದು ನಮಗಿಂತ ಹೆಚ್ಚು ಭೌತಶಾಸ್ತ್ರ ಬಲ್ಲದ್ದಲ್ಲ; ಬೇಸರವಿಲ್ಲದೆ ಸಾವಿರಾರು ಹೆಜ್ಜೆ ಇಡಬಲ್ಲದು, ಅಷ್ಟೆ.

ಎರಡನೆಯದು, 0.121 ಎಂಬ ಆ ಸಂಖ್ಯೆ. ಅದು ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಹನಿಯ ಕೊನೆಯ ವೇಗ ಸೆಕೆಂಡಿಗೆ 9 ಮೀಟರ್ ಎಂದು ಮೊದಲೇ ಗೊತ್ತಿದ್ದುದರಿಂದ ಅದಕ್ಕೆ ಹೊಂದುವ ಸಂಖ್ಯೆಯನ್ನು ಆರಿಸಿಕೊಂಡೆವು. ಗೊತ್ತಾದದ್ದು ಅಳತೆಯಿಂದ. 1949ರಲ್ಲಿ ಅಮೆರಿಕದ ಗನ್ ಮತ್ತು ಕಿನ್ಜರ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆ ಗಾತ್ರದ ನೀರಿನ ಹನಿಗಳನ್ನು ನಿಜವಾಗಿ ಬೀಳಿಸಿ, ಅವುಗಳ ವೇಗವನ್ನು ಅಳೆದು ಪಟ್ಟಿ ಮಾಡಿದರು. ಪರದೆಯ ಮೇಲೆ ಚಂದವಾಗಿ ಓಡುವ ಪ್ರತಿಯೊಂದು ಸಿಮ್ಯುಲೇಶನ್ನಿನ ಹೊಟ್ಟೆಯಲ್ಲೂ ಹೀಗೆ ಯಾರೋ ಕೈಯಾರೆ ಮಾಡಿದ ಒಂದು ಅಳತೆ ಇರುತ್ತದೆ.

ಕೊಲೊರಾಡೊದಿಂದ ಸುರತ್ಕಲ್‌ಗೆ

ಶಾಲೆಗಳಿಗೆ ಇಂಥ ಸಿಮ್ಯುಲೇಶನ್‌ಗಳನ್ನು ತಲುಪಿಸಿದವರಲ್ಲಿ ಮುಖ್ಯರು ಕಾರ್ಲ್ ವೀಮನ್. ಸತ್ಯೇಂದ್ರನಾಥ ಬೋಸ್ ಮತ್ತು ಐನ್‌ಸ್ಟೈನ್ ಮುಂಗಂಡಿದ್ದ ದ್ರವ್ಯಸ್ಥಿತಿಯನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿದ್ದಕ್ಕಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಬಂತು. ಮರುವರ್ಷವೇ ಅವರು ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ‘ಫೆಟ್’ ಯೋಜನೆಯನ್ನು ಆರಂಭಿಸಿದರು. ಲೋಲಕ, ಸರ್ಕ್ಯೂಟ್, ಬೆಳಕಿನ ವಕ್ರೀಭವನ, ಅಣುಗಳ ಓಡಾಟ ಎಲ್ಲವೂ ಅದರಲ್ಲಿ ಉಚಿತ. ಲೋಕದ ಹಲವಾರು ಭಾಷೆಗಳಿಗೆ ಅನುವಾದವಾಗಿದೆ, ಕನ್ನಡದಲ್ಲೂ ಸಿಗುತ್ತದೆ.

ನಮ್ಮಲ್ಲಿ 2009ರಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಮಿಷನ್ ಶುರು ಮಾಡಿತು. ಅದರಡಿ ‘ವರ್ಚುವಲ್ ಲ್ಯಾಬ್ಸ್’ ರೂಪುಗೊಂಡಿತು. ದೆಹಲಿಯ ಐಐಟಿ ಮುಂದಾಳತ್ವ ವಹಿಸಿದ ಈ ಯೋಜನೆಯಲ್ಲಿ ಕೈಜೋಡಿಸಿದ ಸಂಸ್ಥೆಗಳ ಪೈಕಿ ನಮ್ಮ ಜಿಲ್ಲೆಯದೇ ಆದ ಸುರತ್ಕಲ್‌ನ ಎನ್‌ಐಟಿಕೆ ಕೂಡ ಒಂದು. 1960ರಲ್ಲಿ ಕೆಆರ್‌ಇಸಿ ಎಂದು ಹುಟ್ಟಿದ ಆ ಕಾಲೇಜನ್ನು ಹಳಬರು ಇವತ್ತಿಗೂ ಹಾಗೇ ಕರೆಯುತ್ತಾರೆ. ಅಲ್ಲಿನ ಪ್ರಯೋಗಗಳು ‘ಸಾಲ್ವ್’ ಎಂಬ ಹೆಸರಿನಲ್ಲಿವೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬಯಿಯ ಸಿ-ಡ್ಯಾಕ್ ಸೇರಿ ‘ಓಲ್ಯಾಬ್ಸ್’ ಮಾಡಿವೆ. 2020ರ ಮಾರ್ಚ್‌ನಲ್ಲಿ ಶಾಲೆ ಕಾಲೇಜುಗಳು ಬಾಗಿಲು ಹಾಕಿದಾಗ ಪ್ರಾಕ್ಟಿಕಲ್ ಎಂಬುದು ಎಷ್ಟೋ ಮಕ್ಕಳಿಗೆ ಉಳಿದದ್ದು ಈ ಪರದೆಗಳಲ್ಲಿ ಮಾತ್ರ.

ಇಲ್ಲಿ ಎರಡು ಬಗೆಗಳಿವೆ. ಒಂದು, ನಾವು ಈಗ ಮಾಡಿದಂತೆ ಬರೀ ಲೆಕ್ಕದಿಂದ ನಡೆಯುವುದು. ಇನ್ನೊಂದರಲ್ಲಿ ಉಪಕರಣ ನಿಜವಾದದ್ದೇ, ಬೇರೆಲ್ಲೋ ಇರುತ್ತದೆ. ಬೆಳ್ತಂಗಡಿಯಲ್ಲಿ ಕೂತ ವಿದ್ಯಾರ್ಥಿ ಗುಂಡಿ ಒತ್ತಿದರೆ ದೂರದ ಪ್ರಯೋಗಶಾಲೆಯಲ್ಲಿ ಯಂತ್ರ ಅಲುಗಾಡುತ್ತದೆ, ಅದರ ರೀಡಿಂಗ್ ಇವನ ಪರದೆಗೆ ಬರುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಉತ್ತರ ಕೊಡುವುದು ನಾವೇ ಬರೆದ ನಿಯಮ, ಎರಡನೆಯದರಲ್ಲಿ ಉತ್ತರ ಕೊಡುವುದು ಪ್ರಕೃತಿ.

ಬಲ್ಬುಗಳು ಹೇಳಿದ ಫಲಿತಾಂಶ

‘ಕಂಪ್ಯೂಟರಿನಲ್ಲಿ ಕಲಿತದ್ದು ಕಲಿಕೆಯೇ?’ ಎಂದು ಕೇಳುವ ಹಿರಿಯ ಅಧ್ಯಾಪಕರು ಅನೇಕರು. ಈ ಪ್ರಶ್ನೆಯನ್ನೇ ಪ್ರಯೋಗಕ್ಕೆ ಒಡ್ಡಿದವರು ಕೊಲೊರಾಡೊದ ನೋವಾ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು. 2005ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಭೌತಶಾಸ್ತ್ರದ ಆರಂಭದ ಕೋರ್ಸಿನಲ್ಲಿ ಒಂದು ಗುಂಪಿನವರು ನಿಜವಾದ ಬಲ್ಬು, ತಂತಿ, ಬ್ಯಾಟರಿ ಹಿಡಿದು ಸರ್ಕ್ಯೂಟ್ ಕಲಿತರು. ಇನ್ನೊಂದು ಗುಂಪಿನವರು ಅದೇ ಪಾಠವನ್ನು ಸಿಮ್ಯುಲೇಶನ್‌ನಲ್ಲಿ ಕಲಿತರು. ಕೊನೆಗೆ ಎಲ್ಲರ ಮುಂದೂ ನಿಜವಾದ ಬಲ್ಬು, ತಂತಿಗಳನ್ನು ಇಟ್ಟು ಸರ್ಕ್ಯೂಟ್ ಜೋಡಿಸಲು, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಲು ಹೇಳಿದರು. ಪರಿಕಲ್ಪನೆಯ ಪ್ರಶ್ನೆಗಳಲ್ಲೂ ನಿಜವಾದ ಜೋಡಣೆಯಲ್ಲೂ ಮೇಲುಗೈ ಪಡೆದದ್ದು ಪರದೆಯಲ್ಲಿ ಕಲಿತವರು.

ಕಾರಣ ಹುಡುಕುವುದು ಕಷ್ಟವಲ್ಲ. ಸಾಲಾಗಿ ಎರಡು ಬಲ್ಬು ಜೋಡಿಸಿದಾಗ ಮೊದಲ ಬಲ್ಬು ಒಂದಿಷ್ಟು ಕರೆಂಟನ್ನು ತಿಂದು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂಬ ತಪ್ಪು ತಿಳಿವಳಿಕೆ ಲೋಕದ ಎಲ್ಲೆಡೆಯ ಮಕ್ಕಳಲ್ಲೂ ಇದೆ. ನಿಜವಾದ ತಂತಿಯನ್ನು ಎಷ್ಟು ಹೊತ್ತು ನೋಡಿದರೂ ಅದರ ಒಳಗೇನು ಹರಿಯುತ್ತಿದೆ ಎಂದು ಕಾಣುವುದಿಲ್ಲ. ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನುಗಳು ಸಣ್ಣ ಚುಕ್ಕೆಗಳಾಗಿ ಸಾಗುತ್ತವೆ. ಬಲ್ಬಿನ ಮೊದಲೂ ನಂತರವೂ ಅದೇ ವೇಗ. ಕಂಡ ಮೇಲೆ ವಾದಕ್ಕೆ ಎಡೆಯಿಲ್ಲ. ಕಾಣದ್ದನ್ನು ಕಾಣಿಸುವುದು ಸಿಮ್ಯುಲೇಶನ್‌ನ ಮೊದಲ ಶಕ್ತಿ. ಚಿನ್ನದ ತೆಳು ಹಾಳೆಗೆ ಬಡಿದು ಹಿಂದಿರುಗುವ ಆಲ್ಫಾ ಕಣಗಳನ್ನೂ, ವಿಕಿರಣಪಟು ವಸ್ತುವಿನ ಅರ್ಧಾಯುಷ್ಯವನ್ನೂ ಪಿಯುಸಿ ಲ್ಯಾಬಿನಲ್ಲಿ ತೋರಿಸಲಾಗದು, ಪರದೆಯಲ್ಲಿ ತೋರಿಸಬಹುದು.

ಫರಂಗಿಪೇಟೆಯಂಥ ಊರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಇಲ್ಲಿನ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ; ಶಾಲೆಯಲ್ಲಿ ಕನ್ನಡ; ಪಿಯುಸಿ ವಿಜ್ಞಾನಕ್ಕೆ ಬಂದೊಡನೆ ಇಂಗ್ಲಿಷ್. ಪದ ಬದಲಾದಾಗಲೆಲ್ಲ ಮಗು ಹೊಸದಾಗಿ ಶುರು ಮಾಡಬೇಕಾಗುತ್ತದೆ. ಚುಕ್ಕೆಗಳ ಚಲನೆಗೆ ಮಾತು ಬೇಡ. ಮೊದಲು ಕಂಡು, ತನ್ನ ಮಾತಿನಲ್ಲಿ ಹೇಳಿ, ಆಮೇಲೆ ಪುಸ್ತಕದ ಪದವನ್ನು ಹಿಡಿಯಲು ಅವಕಾಶ ಸಿಗುತ್ತದೆ.

ಮೀಟರ್ ಬ್ರಿಜ್ ಮುಂದೆ

ಹಾಗಾದರೆ ಲ್ಯಾಬಿಗೆ ಬೀಗ ಹಾಕಬಹುದೇ? ದ್ವಿತೀಯ ಪಿಯುಸಿಯ ವಿಜ್ಞಾನ ವಿದ್ಯಾರ್ಥಿಗಳು ಮಾಡುವ ಮೀಟರ್ ಬ್ರಿಜ್ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಹಲಗೆಯ ಮೇಲೆ ಬಿಗಿದ ಒಂದು ಮೀಟರ್ ತಂತಿ. ಎಡದ ಕಿಂಡಿಯಲ್ಲಿ ಅಳೆಯಬೇಕಾದ ರೋಧ, ಬಲದಲ್ಲಿ ಗೊತ್ತಿರುವ ರೋಧ, ಅದು 3 ಓಮ್ ಇರಲಿ. ಜಾಕಿ ಎಂಬ ಲೋಹದ ತುದಿಯ ಕಡ್ಡಿಯನ್ನು ತಂತಿಯ ಮೇಲೆ ಅಲ್ಲಲ್ಲಿ ಒತ್ತುತ್ತ ಹೋದರೆ ಒಂದು ಕಡೆ, ಕರೆಂಟನ್ನು ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಅದು 40 ಸೆಂಟಿಮೀಟರಿನಲ್ಲಿ ಎಂದಾದರೆ 40ಕ್ಕೂ 60ಕ್ಕೂ ಇರುವ ಅನುಪಾತವೇ ರೋಧಗಳ ಅನುಪಾತ. ಉತ್ತರ 2 ಓಮ್.

ಪರದೆಯ ಮೇಲೆ ಇದನ್ನು ಎಷ್ಟು ಸಲ ಮಾಡಿದರೂ 40.0 ಬರುತ್ತದೆ. ಲ್ಯಾಬಿನಲ್ಲಿ 40.2 ಬರುತ್ತದೆ, 39.8 ಬರುತ್ತದೆ, ಒಮ್ಮೊಮ್ಮೆ 43 ಬರುತ್ತದೆ. 43 ಬಂದಾಗ ಅಸಲಿ ಪಾಠ ಶುರುವಾಗುತ್ತದೆ. ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ಸಡಿಲವಾಗಿದೆಯೇ? ಕರಾವಳಿಯ ತೇವಕ್ಕೆ ಹಿತ್ತಾಳೆಯ ತಿರುಪುಗಳಿಗೆ ಕಿಲುಬು ಹಿಡಿದಿದೆಯೇ, ಮರಳು ಕಾಗದದಿಂದ ತಿಕ್ಕಬೇಕೇ? ಜಾಕಿಯನ್ನು ಒತ್ತುವ ಬದಲು ಎಳೆದು ಎಳೆದು ತಂತಿ ಅಲ್ಲಲ್ಲಿ ಸವೆದಿದೆಯೇ? ತಂತಿಯ ತುದಿಗಳ ಬೆಸುಗೆಯಲ್ಲೂ ಒಂದಿಷ್ಟು ರೋಧ ಇದೆಯಲ್ಲ, ಎಡಬಲದ ರೋಧಗಳನ್ನು ಅದಲುಬದಲು ಮಾಡಿ ಸರಾಸರಿ ತೆಗೆಯೋಣವೇ?

ಮುಳ್ಳು ತಂತಿಯ ನಡುಭಾಗದಲ್ಲೇ ಸೊನ್ನೆಗೆ ಬರುವಂತೆ ರೋಧ ಆರಿಸಿಕೊಳ್ಳಬೇಕೆಂದು ಮೇಷ್ಟ್ರು ಹೇಳುವುದರ ಕಾರಣವೂ ಆಗಲೇ ತಿಳಿಯುತ್ತದೆ. ಕಣ್ಣಿನ ಅಂದಾಜಿನಲ್ಲಿ 0.2 ಸೆಂಟಿಮೀಟರ್ ತಪ್ಪಿದರೆ, 40ರ ಬಳಿ ಉತ್ತರದಲ್ಲಿ ಶೇ. 0.8ರಷ್ಟು ವ್ಯತ್ಯಾಸ, ಅದೇ ತಪ್ಪು 10ರ ಬಳಿ ಆದರೆ ಶೇ. 2.2. ಅಳತೆಗೆ ಯಾವಾಗಲೂ ಒಂದು ಮಿತಿಯಿದೆ, ಅದನ್ನು ಉತ್ತರದ ಜೊತೆಗೇ ಹೇಳಬೇಕು ಎಂಬುದು ಭೌತಶಾಸ್ತ್ರದ ಬುನಾದಿ. ತಪ್ಪೇ ಆಗದ ಯಂತ್ರದ ಮುಂದೆ ಕೂತವರಿಗೆ ಇದನ್ನು ಕಲಿಸುವುದು ಹೇಗೆ?

ಸಿಮ್ಯುಲೇಶನ್ ಬರೆಯುವವರು ರೀಡಿಂಗಿಗೆ ಬೇಕೆಂದೇ ಸಣ್ಣ ಏರುಪೇರು ಸೇರಿಸುವುದುಂಟು. ಆ ಏರುಪೇರಿಗೆ ಹುಡುಕಿ ಹಿಡಿಯಬಹುದಾದ ಕಾರಣ ಇರುವುದಿಲ್ಲ. ಅದರಲ್ಲಿ ಕಿಲುಬಿಲ್ಲ, ಸಡಿಲ ಪ್ಲಗ್ ಇಲ್ಲ.

ಲೆಕ್ಕ ಕೊಟ್ಟ ಅಚ್ಚರಿ

ನಾವು ಹಾಕಿದ್ದನ್ನಷ್ಟೇ ಕಂಪ್ಯೂಟರ್ ಹಿಂದಕ್ಕೆ ಕೊಡುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. 1950ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಎನ್ರಿಕೊ ಫರ್ಮಿ, ಜಾನ್ ಪಾಸ್ಟಾ, ಸ್ಟಾನಿಸ್ಲಾವ್ ಉಲಾಮ್ ಅವರು ಸ್ಪ್ರಿಂಗುಗಳಿಂದ ಜೋಡಿಸಿದ ಕಣಗಳ ಸಾಲೊಂದನ್ನು ‘ಮೇನಿಯಾಕ್’ ಕಂಪ್ಯೂಟರಿನಲ್ಲಿ ಕಂಪಿಸಲು ಬಿಟ್ಟರು. ಪ್ರೋಗ್ರಾಂ ಬರೆದವರು ಮೇರಿ ಸಿಂಗೂ. ಒಂದೇ ಬಗೆಯ ಕಂಪನಕ್ಕೆ ಕೊಟ್ಟ ಶಕ್ತಿ ಕಾಲಕ್ರಮೇಣ ಎಲ್ಲ ಬಗೆಗಳಿಗೂ ಹಂಚಿಹೋಗುತ್ತದೆ ಎಂದು ಅವರು ನಿರೀಕ್ಷಿಸಿದ್ದರು. ಒಂದಿಷ್ಟು ಹಂಚಿಹೋದ ಶಕ್ತಿ ಬಹುಮಟ್ಟಿಗೆ ಮತ್ತೆ ಮೊದಲಿನ ಕಂಪನಕ್ಕೇ ಮರಳಿ ಬಂತು. 1955ರ ಆ ವರದಿ ಹೊರಬರುವ ಮುನ್ನವೇ ಫರ್ಮಿ ತೀರಿಕೊಂಡಿದ್ದರು. ವರದಿಯಿಂದ ಮುಂದೆ ಭೌತಶಾಸ್ತ್ರದ ಹೊಸ ಕವಲುಗಳೇ ಬೆಳೆದವು. ಮೇರಿ ಸಿಂಗೂ ಅವರ ಪಾಲಿಗೆ ಸಲ್ಲಬೇಕಾದ ಮನ್ನಣೆ ಸಿಕ್ಕಿದ್ದು ಎಷ್ಟೋ ದಶಕಗಳ ಬಳಿಕ.

ನಿಯಮಗಳು ಅವರೇ ಬರೆದವು, ಆದರೆ ಆ ನಿಯಮಗಳಿಂದ ಏನೆಲ್ಲ ಹೊರಡುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ನಿಯಮದ ಪರಿಣಾಮಗಳನ್ನು ಸಿಮ್ಯುಲೇಶನ್ ತೋರಿಸಬಲ್ಲದು. ನಿಯಮವೇ ಸರಿಯೇ ಎಂದು ಕೇಳಬೇಕಾದರೆ ಪ್ರಕೃತಿಯ ಬಳಿಗೇ ಹೋಗಬೇಕು.

ತರಗತಿಯಲ್ಲಿ ಮಾಡುವ ಬಗೆ

ಸಿಮ್ಯುಲೇಶನ್ನನ್ನೂ ನಿಜವಾದ ಅಳತೆಯನ್ನೂ ಜೊತೆಗೂಡಿಸಲು ದುಬಾರಿ ಸಾಮಾನು ಬೇಡ. 1 ಮಿಲಿಮೀಟರ್ ದಪ್ಪದ ಉಕ್ಕಿನ ಸ್ಕೇಲೊಂದನ್ನು ಮೇಜಿನ ಅಂಚಿನಿಂದ 20 ಸೆಂಟಿಮೀಟರ್ ಹೊರಚಾಚಿ ಒತ್ತಿಹಿಡಿಯಿರಿ. ತುದಿಯನ್ನು ಮೀಟಿದರೆ ಏನಾಗುತ್ತದೆ? ಚಾಚಿದ ಉದ್ದವನ್ನು ಅರ್ಧ ಮಾಡಿದರೆ ಕಂಪನ ಎಷ್ಟು ಪಟ್ಟು ಬೇಗವಾಗುತ್ತದೆ? ಮೊದಲು ಮಕ್ಕಳು ತಮ್ಮ ಊಹೆಯನ್ನು ಬರೆದಿಡಲಿ. ಎರಡು ಪಟ್ಟು ಎನ್ನುವವರೇ ಹೆಚ್ಚು.

ಎರಡನೆಯ ಹೆಜ್ಜೆ ಪರದೆ. ಒಂದು ತುದಿಯನ್ನು ಬಿಗಿದ ಪಟ್ಟಿಯ ಕಂಪನ ಎಂಜಿನಿಯರಿಂಗ್ ವರ್ಚುವಲ್ ಲ್ಯಾಬ್‌ಗಳಲ್ಲಿ ಸಿಗುವ ಪ್ರಯೋಗವೇ. ಉದ್ದ ಬದಲಾಯಿಸಿ ನೋಡಿದರೆ 20 ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 20 ಕಂಪನ, 10 ಸೆಂಟಿಮೀಟರಿಗೆ ಸುಮಾರು 80. ನಾಲ್ಕು ಪಟ್ಟು! ಉದ್ದದ ವರ್ಗಕ್ಕೆ ವಿಲೋಮ ಎಂಬ ಸೂತ್ರ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಸ್ಕೇಲನ್ನು ಕೈಗೆತ್ತಿಕೊಳ್ಳಬೇಕು. 20 ಸೆಂಟಿಮೀಟರಿನಲ್ಲಿ ಅದರ ಅಲುಗಾಟ ಕಣ್ಣಿಗೆ ಕಾಣುತ್ತದೆ, 10ರಲ್ಲಿ ಕಿವಿಗೆ ಕೇಳುತ್ತದೆ. ಮೊಬೈಲಿನ ಸ್ಲೋ ಮೋಷನ್ ವಿಡಿಯೊದಿಂದ ಎಣಿಸಬಹುದು; ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟಿರುವ ‘ಫೈಫಾಕ್ಸ್’ ಆ್ಯಪ್‌ನಿಂದ ಸದ್ದಿನ ಆವರ್ತಾಂಕವನ್ನು ಅಳೆಯಬಹುದು. ಬರುವ ಸಂಖ್ಯೆ ಪರದೆಯದಕ್ಕಿಂತ ಕೊಂಚ ಕಡಿಮೆ ಇರುವುದೇ ಹೆಚ್ಚು. ಏಕೆಂದರೆ ಸಿಮ್ಯುಲೇಶನ್‌ನಲ್ಲಿ ಪಟ್ಟಿಯ ಬಿಗಿದ ತುದಿ ಕಿಂಚಿತ್ತೂ ಅಲುಗುವುದಿಲ್ಲ, ಬೆರಳಿನಡಿಯ ಸ್ಕೇಲು ಅಲುಗುತ್ತದೆ. ಕಂಪಿಸುವ ಉದ್ದ ನಾವು ಅಳೆದದ್ದಕ್ಕಿಂತ ತುಸು ಹೆಚ್ಚಾಗುತ್ತದೆ. ಬೆರಳಿನ ಬದಲು ಮರದ ತುಂಡು ಇಟ್ಟು ಬಿಗಿದು ನೋಡಿದರೆ ಅಂತರ ಕಡಿಮೆಯಾಗುತ್ತದೆ. ಊಹೆ, ಪರದೆ, ಕೈ ಈ ಮೂರರ ನಡುವಿನ ಅಂತರಕ್ಕೆ ಕಾರಣ ಹುಡುಕುವ ಮಗು ವಿಜ್ಞಾನಿಯ ಕೆಲಸವನ್ನೇ ಮಾಡುತ್ತಿರುತ್ತದೆ.

ನಮ್ಮ ಪಿಯುಸಿ ಭೌತಶಾಸ್ತ್ರದಲ್ಲಿ 70 ಅಂಕ ಬರವಣಿಗೆಗೆ, 30 ಪ್ರಾಕ್ಟಿಕಲ್‌ಗೆ. ಆ 30ನ್ನು ಪಡೆಯಲು ಗೊತ್ತಿರುವ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹೊಂದಿಸುವ ಅಭ್ಯಾಸ ಬಹಳ ಕಡೆ ಇದೆ. ಹಾಗೆ ಮಾಡಿದ ರೆಕಾರ್ಡ್ ಪುಸ್ತಕ ಪ್ರಯೋಗವೂ ಅಲ್ಲ, ಸಿಮ್ಯುಲೇಶನ್ನೂ ಅಲ್ಲ. ಕಂಪ್ಯೂಟರನ್ನು ತಂದು ಪ್ರಾಕ್ಟಿಕಲ್ ತರಗತಿಯನ್ನು ಕೈಬಿಟ್ಟರೆ ಈ ರೋಗ ಹೆಚ್ಚುತ್ತದೆ. ಸಿಮ್ಯುಲೇಶನ್ ತೋರಿಸಿ, ಅದರ ಜೊತೆಗೇ ನಿಜವಾದ ಅಳತೆ ಮಾಡಿಸಿ, ‘ಇವೆರಡೂ ಏಕೆ ಹೊಂದಲಿಲ್ಲ?’ ಎಂಬ ಪ್ರಶ್ನೆಗೆ ಅಂಕ ಕೊಟ್ಟರೆ ಸುಳ್ಳು ರೀಡಿಂಗ್ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಿಜ್ಞಾನ ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ಪಾಠಕ್ಕೆ ಫೆಟ್ ಅಥವಾ ಓಲ್ಯಾಬ್ಸ್ ತೆರೆಯಿರಿ, ಅಳುಕು ಬೇಡ. ನಿಮ್ಮ ಮಾತಿಗೆ ಎಟುಕದ್ದನ್ನು ಅವು ತೋರಿಸುತ್ತವೆ. ಆದರೆ ಅದೇ ದಿನ ಮೇಜಿನ ಮೇಲೆ ಒಂದು ಸ್ಕೇಲು, ಒಂದು ದಾರ, ಒಂದು ಬಲ್ಬು ಇರಲಿ. ಪರದೆಯಲ್ಲಿ ಕಂಡದ್ದನ್ನು ಮಕ್ಕಳು ಅಂದೇ ತಮ್ಮ ಕೈಯಿಂದ ಅಳೆದು ನೋಡಲಿ, ಬಂದ ರೀಡಿಂಗನ್ನು ಬಂದ ಹಾಗೆಯೇ ಬರೆಯಲಿ.